ಪೆಟ್ರೋಲ್ ಬಿಟ್ಟವರ ಮನೆಯ ಒಲೆ

ನನ್ನ ಮಾವ ಗುರುಮಲ್ಲಪ್ಪನವರು ಪೆಟ್ರೋಲು, ಡೀಸೆಲ್ಲು, ಗ್ಯಾಸು, ಪ್ಲಾಸ್ಟಿಕ್ಕು ನಾಲ್ಕನ್ನೂ ಒಂದೇ ಸೋಮವಾರ ಬೆಳಿಗ್ಗೆ ಬಿಟ್ಟುಬಿಟ್ಟರು ಎಂದು ಪೇಪರಿನಲ್ಲಿ ಬಂತು. ಫೋಟೊ ಸಮೇತ ಬಂತು. ಓದಿದವರು ಹೊಗಳಿದರು, ಫೋನ್ ಮಾಡಿದರು, ಕಾರು ಮಾಡಿಕೊಂಡು ಬಂದು ಕಾಲಿಗೆ ಬಿದ್ದವರೂ ಇದ್ದಾರೆ. ಅವರು ಬಿಟ್ಟಿದ್ದರ ಭಾರ ಯಾರ ತಲೆಯ ಮೇಲೆ ಬಿತ್ತು ಎಂದು ಒಬ್ಬರೂ ಕೇಳಲಿಲ್ಲ. ಬಿದ್ದದ್ದು ನನ್ನ ಅತ್ತೆ ಬಸವಮ್ಮನವರ ಮೇಲೆ. ಅವರ ಬಗ್ಗೆ ಯಾವ ಪೇಪರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಅತ್ತೆ ಹುಟ್ಟಿದ್ದು ಕಾಮಗೆರೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಹೊನ್ನೂರಿನ ಈ ದೊಡ್ಡ ಮನೆಗೆ ಬಂದರು. ಆಗ ಮನೆಯಲ್ಲಿ ಹದಿನಾಲ್ಕು ಜನ, ಕಬ್ಬು ಕಡಿಯುವ ಕಾಲ ಬಂದರೆ ಆಳುಗಳ ಊಟ ಬೇರೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಈಗಲೂ ಇಲ್ಲ. ಸೂರಿನಲ್ಲಿ ಎರಡು ಹೆಂಚು ಸರಿಸಿ ಹೊಗೆಗೆ ದಾರಿ ಬಿಟ್ಟಿದ್ದರು, ಹೊಗೆಗೆ ಅದು ಗೊತ್ತಿದ್ದಂತೆ ಕಾಣುವುದಿಲ್ಲ. ಮಳೆಗಾಲದಲ್ಲಿ ಹಸಿ ಸೌದೆ, ಬೇಸಿಗೆಯಲ್ಲಿ ತೆಂಗಿನ ಗರಿ, ಕಬ್ಬಿನ ತರಗು. ಬೆಳಿಗ್ಗೆ ಐದಕ್ಕೆ ಊದುಗೊಳವೆ ಹಿಡಿದು ಕೂತರೆ ಎದ್ದು ಬೆನ್ನು ನೇರ ಮಾಡುವುದು ಹನ್ನೊಂದಕ್ಕೆ. ಹೀಗೆ ಇಪ್ಪತ್ತೆರಡು ವರ್ಷ.

ಆಮೇಲೆ ಗ್ಯಾಸು ಬಂತು. ಹೆಂಡತಿಯ ಮೇಲಿನ ಕನಿಕರದಿಂದ ಬಂದದ್ದಲ್ಲ, ಪಕ್ಕದ ಬೀದಿಯ ದಾಯಾದಿಗಳ ಮನೆಗೆ ಬಂತು ಎಂದು ಮಾವನಿಗೆ ತಡೆಯಲಾಗಲಿಲ್ಲ, ಅದಕ್ಕೆ ಬಂತು. ಯಾವ ಕಾರಣಕ್ಕಾದರೂ ಆಗಲಿ, ಬಂತಲ್ಲ. ಆ ದಿನದ ಕತೆಯನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

"ಉರಿ ನೀಲಿಯಾಗಿ ಹತ್ಕತ್ತು ಕಣವ್ವಾ. ಒಗೆ ಎಲ್ಲೋಯ್ತು ಅಂತ ಸೂರು ನೋಡ್ತಾ ಕೂತ್ಬುಟ್ಟೆ. ಆಲಿಡೋದೇ ಮರ್ತೋಯ್ತು."

ಅಷ್ಟು ಹೊತ್ತಿಗೆ ಕೆಮ್ಮು ಆಗಲೇ ಹಿಡಿದಿತ್ತು. ಕೊಳ್ಳೇಗಾಲದ ಡಾಕ್ಟರು, ಹೊಗೆಯಿಂದ ದೂರ ಇದ್ದರೆ ಹೀಗೇ ನಡೆದುಕೊಂಡು ಹೋಗುತ್ತದೆ ಎಂದಿದ್ದರು. ನಡೆದುಕೊಂಡು ಹೋಗಿತ್ತು ಕೂಡ. ನಾನು ಮದುವೆಯಾಗಿ ಬಂದಾಗ ಅತ್ತೆ ಬೆಳಗಿನ ಚಳಿಗೆ ನಾಲ್ಕು ಸಲ ಕೆಮ್ಮುತ್ತಿದ್ದರು, ಬಿಸಿನೀರು ಕುಡಿದು ಸುಮ್ಮನಾಗುತ್ತಿದ್ದರು.

ಇನ್ನು ಮಾವನ ವಿಚಾರ. ಹೊನ್ನೂರಿಗೆ ಮೊದಲ ಟ್ರ್ಯಾಕ್ಟರು ತಂದವರು ಅವರು. ಮೊದಲ ಡೀಸೆಲ್ ಪಂಪು ಅವರದು. ಬೆಲ್ಲದ ವ್ಯಾಪಾರಕ್ಕೆ ಕೊಳ್ಳೇಗಾಲಕ್ಕೆ ಲೋಡು ಹೊಡೆಸಿ ಹೊಡೆಸಿಯೇ ಈ ಮನೆ ಎದ್ದು ನಿಂತದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ಇನ್ನೂರು ಮಾರು ದೂರಕ್ಕೂ ಕಾರು ತೆಗೆಯುತ್ತಿದ್ದವರು. ಅರವತ್ತೆಂಟನೆಯ ವಯಸ್ಸಿನವರೆಗೂ ಡೀಸೆಲ್ಲಿನ ಅನ್ನ ಉಂಡು, ಅದನ್ನು ಬಿಟ್ಟದ್ದು ಮಾತ್ರ ಜ್ಞಾನೋದಯವಾಗಿ ಎಂದು ಪೇಪರಿನವರು ಬರೆದರು. ಆಗಿದ್ದೇನು ಎಂದು ನಾನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ದೀಪಾವಳಿ ಮುಗಿದ ವಾರ ಶಾಗ್ಯದ ನೆಂಟರ ಮನೆಗೆ ಒಬ್ಬರೇ ಕಾರಿನಲ್ಲಿ ಹೋಗಿದ್ದರು. ಬರುವಾಗ ದಾರಿಯ ಬಂಕಿನಲ್ಲಿ 'ಸ್ಟಾಕ್ ಇಲ್ಲ' ಎಂದು ರಟ್ಟು ನೇತುಹಾಕಿತ್ತು. ಮುಂದೆ ನೋಡಿಕೊಂಡರಾಯಿತು ಎಂದು ಬಂದರು. ಹನೂರು ದಾಟಿ ಸ್ವಲ್ಪ ದೂರಕ್ಕೆ ಕಾರು ನಿಂತಿತು. ಪರಿಚಯದವರಿಗೆ ಫೋನ್ ಮಾಡಿದರೆ ಅವರ ಊರಿನಲ್ಲೂ ಪೆಟ್ರೋಲಿಲ್ಲ. ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲಲಿಲ್ಲ. ಬಿಸಿಲಲ್ಲಿ ಗಂಟೆ ಹೊತ್ತು ನಡೆದ ಮೇಲೆ ಮುಸುಕಿನ ಜೋಳದ ಮೂಟೆ ಹೇರಿದ್ದ ಗೂಡ್ಸ್ ಆಟೋ ಒಂದು ನಿಂತಿತು. ಮೂಟೆಗಳ ಮೇಲೆ ಕೂತರು. ಡ್ರೈವರು ತಿರುಗಿ ನೋಡಿ, "ತಾತ, ಆ ಕಡೆ ಸರ್ಕೊಳಿ, ಮೂಟೆ ಜಾರ್ತದೆ" ಎಂದನಂತೆ.

ಅದೇ ಗಾಯ. ಯಜಮಾನರೇ ಎಂದು ಕರೆಸಿಕೊಂಡು ಬದುಕಿದವರಿಗೆ ತಾತ ಎಂಬ ಮಾತು ಹೊನ್ನೂರಿನ ತನಕವೂ ಚುಚ್ಚಿತು. ಮನೆಗೆ ಬಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ಒಂದು ಲೀಟ್ರು ಪೆಟ್ರೋಲು ಇಲ್ದಿದ್ರೆ ಮನ್ಸ ಮೂಟೆಗೂ ಕಡೆ ಆಯ್ತಾನೆ ಅಂದ್ರೆ, ಇಂಥದರ ಅಂಗು ಯಾಕೆ ಬೇಕು" ಎನ್ನುತ್ತಿದ್ದರು. ಮನೆ ತಲುಪಿಸಿದ್ದೂ ಡೀಸೆಲ್ ಆಟೋವೇ ಎಂದು ನಾನು ನೆನಪಿಸಲಿಲ್ಲ. ನೆನಪಿಸಬೇಕಿತ್ತು.

ಆ ಕಾರ್ತಿಕದ ಮೊದಲ ಸೋಮವಾರ ಪೂಜೆ ಮುಗಿಸಿ, ಅಂಗೈಯಲ್ಲಿ ವಿಭೂತಿ ಹಿಡಿದು ಮಾದಪ್ಪನ ಪಟದ ಮುಂದೆ ನಿಂತರು. "ಇವತ್ತಿಂದ ಒಂದು ವರ್ಷ, ಬರೋ ಕಾರ್ತಿಕದ ಸೋಮವಾರದಗಂಟ, ಈ ಮನೆ ಒಸ್ಲು ಒಳಗೆ ಪೆಟ್ರೋಲು, ಡೀಸೆಲ್ಲು, ಗ್ಯಾಸು, ಪ್ಲಾಸ್ಟಿಕ್ಕು ಬರಕೂಡ್ದು. ನಿನ್ ಮೇಲೆ ಅರಕೆ."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ವಿಭೂತಿ ಹಿಡಿದು ಆಡಿದ ಹರಕೆಗೆ ಮನೆಯವರು ಯಾರೂ ಬೇಡ ಎನ್ನುವಂತಿಲ್ಲ. ಅಂದವರ ತಲೆಗೇ ಅದರ ದೋಷ. ಗಂಡಸರಿಗಷ್ಟೇ ಅಲ್ಲ, ಹೆಂಗಸರ ಹರಕೆಗೂ ಇದೇ ಕಟ್ಟು. ಮನೆಯ ಹಿರಿಯ ಹೆಂಗಸು ಹೆಣ್ಣುಮಕ್ಕಳ ಪರವಾಗಿಯೂ ಹೊರಬಹುದು. ನಾನು ಬಂದ ವರ್ಷ ಅತ್ತೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರಲ್ಲಿ ಐದು ಸೋಮವಾರದ ಒಪ್ಪೊತ್ತು ಹೊತ್ತುಬಿಟ್ಟಿದ್ದರು, ನಾನು ಹಸಿದುಕೊಂಡು ಶಾಲೆಗೆ ಹೋಗಿದ್ದೆ. ಹಾಗಾಗಿ ಆ ಬೆಳಿಗ್ಗೆ ಮಾವ ಹರಕೆ ಆಡಿದಾಗ ನಾವೆಲ್ಲ ಕೈಮುಗಿದು ನಿಂತಿದ್ದೆವು, ಅಷ್ಟೇ. ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ಹಾಲು ಉಕ್ಕುತ್ತಿತ್ತು. ಅತ್ತೆ ಹೋಗಿ ಆರಿಸಿದರು.

ಅಂದು ಸಂಜೆಯೊಳಗೆ ಸಿಲಿಂಡರು ಹೋಯಿತು. ಬಿಂದಿಗೆ, ಬಕೆಟ್ಟು, ಡಬ್ಬ, ಕುರ್ಚಿ, ಚಾಪೆ, ಬಾಚಣಿಗೆ, ನನ್ನ ಚಪ್ಪಲಿ, ಎಲ್ಲ ಹೊರಗೆ. ಕಾರಿಗೆ ಹೊದಿಕೆ ಬಿತ್ತು. ಟ್ರ್ಯಾಕ್ಟರು ಕೊಟ್ಟಿಗೆ ಸೇರಿತು, ಉಳುಮೆಗೆ ಊರಿನ ಚಿಕ್ಕಸಿದ್ದಯ್ಯನ ಎತ್ತು ಬಂದವು. ನಾನು ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಓದಿದ್ದು ರಸಾಯನಶಾಸ್ತ್ರ. ಮಾವ ಹೇಳುವುದರಲ್ಲಿ ಸುಳ್ಳಿಲ್ಲ ಎಂದು ನನಗೆ ಗೊತ್ತು. ನೆಲದಡಿಯ ಎಣ್ಣೆ ಒಂದು ದಿನ ಮುಗಿಯುತ್ತದೆ. ನಾವು ಉಡುವ ನೈಲಾನು, ಗದ್ದೆಗೆ ಹೊಡೆಯುವ ಔಷಧಿ, ಬೋರಿನ ಪೈಪು, ಮಕ್ಕಳ ಪೆನ್ನು, ಹಾಲಿನ ಕವರು, ಎಲ್ಲದರ ಬುಡದಲ್ಲೂ ಅದೇ ಇದೆ. ತರಗತಿಯಲ್ಲಿ ಇದನ್ನೇ ನಾನು ಪಾಠ ಮಾಡುತ್ತೇನೆ. ಮಾವನ ಮಾತು ಸರಿಯಾಗಿತ್ತು. ಅದೇ ನನಗೆ ಹೊಟ್ಟೆ ಉರಿಸುತ್ತಿದ್ದದ್ದು, ತಪ್ಪು ಮಾತಾಗಿದ್ದರೆ ಜಗಳವಾಡುವುದು ಸುಲಭವಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿಯೂ ಬಿಟ್ಟೆ. "ಮಾವ, ನಿಮ್ಮ ಹಲ್ಲುಸೆಟ್ಟನ್ನೂ ಅದೇ ಎಣ್ಣೆಯಿಂದ ಮಾಡೋದು."

ಅವರು ಅಗಿಯುವುದನ್ನು ನಿಲ್ಲಿಸಿದರು. ಸ್ವಲ್ಪ ಯೋಚನೆ ಮಾಡಿ, "ಅದು ಮೊದ್ಲೇ ಬಾಯಲ್ಲಿತ್ತು ಕಣವ್ವಾ" ಎಂದರು.

ಮೊದಲೇ ಇದ್ದದ್ದು ಎಂಬ ಬಾಗಿಲಿನಿಂದ ಅವರ ಹಲ್ಲು, ಕನ್ನಡಕ, ಟೀವಿ, ಮೊಬೈಲು ಎಲ್ಲವೂ ಒಳಗೆ ಉಳಿದವು. ನಾನು ಕರೆಂಟಿನ ಇಂಡಕ್ಷನ್ ಒಲೆ ತಂದೆ. ಕರೆಂಟಿಗೆ ಹರಕೆ ಇರಲಿಲ್ಲವಲ್ಲ. ಮಾವ ಅದನ್ನು ತಿರುವಿ ನೋಡಿದರು, ಬೆರಳಲ್ಲಿ ಕುಟ್ಟಿ ನೋಡಿದರು. ಕೆಳಗಿನ ಭಾಗ ಪ್ಲಾಸ್ಟಿಕ್ಕು. ವಾಪಸ್ಸು ಕೊಡು ಎಂದರು. ಸ್ವಿಚ್ಚೂ ಪ್ಲಾಸ್ಟಿಕ್ಕೇ ಅಲ್ಲವೇ ಎಂದೆ. "ಅದು ಗೋಡೇಲಿ ಮೊದ್ಲೇ ಇತ್ತು" ಎಂದರು.

ಹೀಗೆ ಅತ್ತೆ ಮತ್ತೆ ಊದುಗೊಳವೆ ಹಿಡಿದರು. ಅರವತ್ತೊಂದನೆಯ ವಯಸ್ಸಿನಲ್ಲಿ.

ಸೌದೆ ತಂದು ಹಿತ್ತಿಲಿಗೆ ಹಾಕುತ್ತಿದ್ದವಳು ಚಿಕ್ಕನಿಂಗಮ್ಮ. ಅವಳನ್ನು ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳದ ಮನೆ ನಮ್ಮದು, ಆ ನಾಚಿಕೆಗೇಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆದ್ದರಿಂದ ಒಳಗೆ ಕೈಜೋಡಿಸಲು ಯಾರೂ ಇರಲಿಲ್ಲ. ಅವಳ ಮನೆಯಲ್ಲಿ ಗ್ಯಾಸಿದೆ. "ಎಂಟು ವರ್ಷಾಯ್ತು ಕಣವ್ವ ನಾ ಒಲೆ ಅಚ್ಚಿ. ನಿಮ್ಮಂಥ ದೊಡ್ಡೋರ್ ಮನೆಗೆ ಇದೇನ್ ಬಂತು" ಎಂದು ಸೌದೆ ಇಳಿಸುತ್ತಾ ನನ್ನನ್ನು ಕೇಳಿದಳು.

ನನ್ನ ಗಂಡ ಬಸವೇಶ ಯಳಂದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಮಾರುವುದು ಡ್ರಿಪ್ ಪೈಪು, ಔಷಧಿ ಡಬ್ಬ, ಪ್ಲಾಸ್ಟಿಕ್ ಶೀಟು. ಮನೆಗೆ ಬಂದರೆ, ಅಪ್ಪನ ಹರಕೆ ನಾನೇನು ಮಾಡಲಿ ಎನ್ನುತ್ತಾರೆ. ಮಧ್ಯಾಹ್ನದ ಊಟ ಹೋಟೆಲಿನಲ್ಲಿ. ನಾನೂ ಏನು ಸಾಚಾ ಅಲ್ಲ. ಎಂಟು ಗಂಟೆಗೆ ಬ್ಯಾಗು ಹಿಡಿದು ಬಸ್ಸು ಹತ್ತುತ್ತಿದ್ದೆ. ಬಸ್ಸಿನ ಕಿಟಕಿಯ ಗಾಳಿಗೆ ತಲೆಕೂದಲಿನ ಹೊಗೆವಾಸನೆ ಹೋಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅತ್ತೆಗೆ ಹೋಗಲು ಬಸ್ಸು ಇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಬೆಳಗಿನಿಂದ ಮಧ್ಯಾಹ್ನದವರೆಗೂ ಎಳೆಯತೊಡಗಿತು. ಅದೇ ಹೊತ್ತಿಗೆ ಪೇಪರಿನಲ್ಲಿ ಸುದ್ದಿಯೂ ಬಂತು. ಆಮೇಲೆ ಜನ ಬರಲು ಶುರುವಾದರು. ಮೈಸೂರಿನಿಂದ, ಮಂಡ್ಯದಿಂದ, ಪರಿಸರದ ಬಳಗಗಳು, ಕಾಲೇಜಿನವರು, ವಿಡಿಯೋ ಮಾಡುವವರು. ಎಣ್ಣೆಯಿಲ್ಲದೆ ಬದುಕುವ ಮನೆ ನೋಡಲು ಎಲ್ಲರೂ ಎಣ್ಣೆ ಸುಟ್ಟುಕೊಂಡೇ ಬರುತ್ತಿದ್ದರು. ಬಾಗಿಲ ಮುಂದಿನ ಹೊಂಗೆ ಮರದ ನೆರಳಿಗೆ ಭಾನುವಾರವಾದರೆ ಐದಾರು ಕಾರು. ಮಾವ ಜಗುಲಿಯಲ್ಲಿ ಕೂತು ಭಾಷಣ ಮಾಡುವರು. ಬಂದವರನ್ನು ಉಣ್ಣಿಸದೆ ಕಳಿಸುವುದು ನಮ್ಮ ಮನೆಯಲ್ಲಿಲ್ಲ. ಬಾಳೆಎಲೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಉಂಡವರು, ಸೌದೆ ಒಲೆಯ ರುಚಿಯೇ ಬೇರೆ ಎಂದು ಬೆರಳು ನೆಕ್ಕಿಕೊಂಡು ಹೋಗುವರು.

ಒಮ್ಮೆ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಕ್ಯಾಮೆರಾ ಹಿಡಿದು ಅಡುಗೆಮನೆಗೇ ಬಂದರು. ಅತ್ತೆ ಊದುತ್ತಿದ್ದರು. ಸೂರಿನ ಸಂದಿಯಿಂದ ಬಿಸಿಲು ಹೊಗೆಯೊಳಗೆ ಇಳಿದಿತ್ತು.

"ಅಮ್ಮಾ, ಇನ್ನೊಂದ್ಸಲ ಊದಿ. ಹೊಗೇಲಿ ಬೆಳಕು ತುಂಬಾ ಚೆನ್ನಾಗಿ ಬರ್ತಿದೆ" ಎಂದಳು ಹುಡುಗಿ.

ಅತ್ತೆ ಊದಿದರು. ಇನ್ನೊಂದು ಸಲ ಎಂದರು, ಊದಿದರು. ನಾಲ್ಕನೆಯ ಸಲಕ್ಕೆ ಕೆಮ್ಮು ಬಂತು. ಬಂದದ್ದು ಬಿಡಲೇ ಇಲ್ಲ. ಗೋಡೆ ಹಿಡಿದು ಕುಕ್ಕರಿಸಿದರು, ಕಣ್ಣು ಮೇಲಾಯಿತು. ಆ ಹುಡುಗಿ ಕೆಟ್ಟವಳಲ್ಲ, ಪಾಪ, ಕ್ಯಾಮೆರಾ ಬಿಟ್ಟು ಓಡಿ ತನ್ನ ಬ್ಯಾಗಿನಿಂದ ನೀರಿನ ಬಾಟಲು ತಂದಳು. ಮಾವ ಬಾಗಿಲಲ್ಲಿ ನಿಂತಿದ್ದರು.

"ಆ ಪ್ಲಾಸ್ಟಿಕ್ ಬಾಟ್ಲು ಒಳಕ್ಕೆ ತರಬ್ಯಾಡವ್ವ" ಎಂದರು.

ಇದನ್ನು ನಾನು ಕಣ್ಣಾರೆ ಕಂಡೆ. ಅಂದಿನಿಂದ ಮಾವನ ಮೇಲೆ ನನಗಿದ್ದ ಗೌರವ ಬಾಯಿಮಾತಿಗೆ ಮಾತ್ರ ಉಳಿಯಿತು.

ಮರುದಿನ ಶಾಲೆಗೆ ರಜೆ ಹಾಕಿ, ತವರಿಗೆ ಎಂದು ಸುಳ್ಳು ಹೇಳಿ, ಅತ್ತೆಯನ್ನು ಆಟೋದಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ತೆಗೆಸಿದರು, ಕೊಳವೆ ಊದಿಸಿ ನೋಡಿದರು. ಬೀಡಿ ಅಭ್ಯಾಸ ಇದೆಯಾ ಎಂದು ಕೇಳಿದರು. ಅತ್ತೆಗೆ ನಗು ಬಂತು, ನಗಲು ಹೋಗಿ ಕೆಮ್ಮು ಬಂತು. ಶ್ವಾಸಕೋಶ ಅರ್ಧ ಕೆಲಸ ಮಾಡುತ್ತಿಲ್ಲ, ಈ ಹೊಗೆ ಇವತ್ತೇ ನಿಲ್ಲಬೇಕು, ಹೋದದ್ದು ವಾಪಸ್ಸು ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಬೇಕು ಎಂದರು.

"ಕಾರ್ತಿಕ ಬರ್ಲಿ ಸಾ" ಎಂದರು ಅತ್ತೆ. "ಅರಕೆ ಮುಗೀತದೆ. ಆಮೇಲೆ ಗ್ಯಾಸೇಯಾ."

"ಕಾರ್ತಿಕಕ್ಕೆ ಎಷ್ಟು ತಿಂಗಳಿದೆ?"

"ಒಂಬತ್ತು."

ಡಾಕ್ಟರು ನನ್ನ ಮುಖ ನೋಡಿದರು. ಇನ್‌ಹೇಲರ್ ಬರೆದುಕೊಟ್ಟರು.

ಇನ್‌ಹೇಲರ್ ಪ್ಲಾಸ್ಟಿಕ್ಕು. ಅತ್ತೆ ಅದನ್ನು ಅವರೆಕಾಳಿನ ಮಡಕೆಯಲ್ಲಿ ಬಚ್ಚಿಟ್ಟರು. ಒಂದು ವಾರಕ್ಕೆ ಮಾವನ ಕಣ್ಣಿಗೆ ಬಿತ್ತು. ನಾನು ಜಗಳಕ್ಕೆ ಸೊಂಟ ಕಟ್ಟಿಯೇ ನಿಂತಿದ್ದೆ. ಆದರೆ ಅವರು ಗದರಲಿಲ್ಲ. ಮೆತ್ತಗೆ, ಬಹಳ ದೊಡ್ಡ ಮನಸ್ಸು ಮಾಡಿದವರ ಹಾಗೆ, "ಔಷ್ದಿ ಅಂದ್ಮೇಲೆ ಇರ್ಲಿ ಬುಡು. ಜನ ಬಂದಾಗ ಕಾಣಿಸ್ಕಬ್ಯಾಡ" ಎಂದರು. ಅತ್ತೆ ಹೂಂ ಎಂದರು.

ನಾನು ಅತ್ತೆಯ ಜೊತೆಗೂ ಜಗಳ ಆಡಿದೆ. ಹರಕೆ ಮುರಿಯಿರಿ, ನನ್ನ ತಲೆಗೆ ದೋಷ ಬರಲಿ ಎಂದೆ. ಅವರು ಕಿವಿ ಮುಚ್ಚಿಕೊಂಡರು. ಮಾದಪ್ಪನ ವಿಷಯದಲ್ಲಿ ಅವರ ಹತ್ತಿರ ತರ್ಕ ನಡೆಯುವುದಿಲ್ಲ. ಗಂಡನಿಗೆ ಹೆದರಿ ಅಲ್ಲ, ದೇವರಿಗೆ ಹೆದರಿ ಅವರು ಒಲೆಯ ಮುಂದೆ ಕೂತದ್ದು. ಆ ವ್ಯತ್ಯಾಸ ಮಾವನಿಗೆ ಇವತ್ತಿಗೂ ತಿಳಿದಿಲ್ಲ. ಏನು ಹೇಳಿದರೂ ಅತ್ತೆಯದು ಒಂದೇ ಮಾತು: "ಕಾರ್ತಿಕ ಬರ್ಲಿ ಕಣವ್ವಾ."

ಆ ಒಂಬತ್ತು ತಿಂಗಳನ್ನು ಅವರು ಹೇಗೆ ಕಳೆದರು ಎಂದು ನಾನು ವಿವರಿಸುವುದಿಲ್ಲ. ಯುಗಾದಿಗೆ ಬಾವಿಯಿಂದ ಒಂದೇ ಉಸಿರಿಗೆ ಬರುತ್ತಿದ್ದವರು ಶ್ರಾವಣಕ್ಕೆ ನಡುವೆ ಎರಡು ಕಡೆ ನಿಲ್ಲುತ್ತಿದ್ದರು. ಗೌರಿ ಹಬ್ಬಕ್ಕೆ ಕೂತುಕೊಂಡೇ ನಿದ್ದೆ ಮಾಡುತ್ತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ದೀಪಾವಳಿಯ ಮರುದಿನ ಅಟ್ಟದಿಂದ ಗ್ಯಾಸಿನ ಒಲೆ ಇಳಿಸಿಕೊಡು ಎಂದು ನನ್ನನ್ನು ಕೇಳಿದರು. ಹುಣಸೆಹಣ್ಣು ಹಾಕಿ ಅದರ ಹಿತ್ತಾಳೆ ಬರ್ನರನ್ನು ಉಜ್ಜಿ ಉಜ್ಜಿ ತೊಳೆದು, ಬಟ್ಟೆ ಮುಚ್ಚಿ ಮಂಚದ ಕೆಳಗೆ ಇಟ್ಟರು. ಸೋಮವಾರ ಮಧ್ಯಾಹ್ನಕ್ಕೆ ಬರುವಂತೆ ಸಿಲಿಂಡರು ಬುಕ್ ಮಾಡಿಸಿದರು.

ಕಾರ್ತಿಕದ ಆ ಸೋಮವಾರ ಹರಕೆ ತೀರುವ ದಿನ. ಯಳಂದೂರಿನ ಒಂದು ಬಳಗದವರು ನಮ್ಮ ಮನೆಯಂಗಳದಲ್ಲೇ ಮಾವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹೊಂಗೆ ಮರದಿಂದ ಹಿಡಿದು ಬೀದಿ ತಿರುವಿನವರೆಗೆ ಕಾರು, ಬೈಕು. ಐವತ್ತು ಜನ. ಅತ್ತೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದ್ದರು. ನಾನು ರಜೆ ಹಾಕಿ ಜೊತೆಗೆ ನಿಂತಿದ್ದೆ. ಸಾರು ಇಳಿಸಿ, ಮುದ್ದೆಗೆ ಎಸರಿಟ್ಟು, ಹಿಟ್ಟು ಸುರಿದು ಕೋಲು ಹಾಕಿದ್ದರು. ಬೆವರು ಸುರಿಯುತ್ತಿತ್ತು, ತುಟಿ ನೀಲಿಯಾಗಿತ್ತು. ಆದರೂ ಮುಖದಲ್ಲಿ ಹಬ್ಬದ ಕಳೆ.

"ಇದೇ ಕಡೆ ಅಡ್ಗೆ ಕಣವ್ವಾ ಈ ಒಲೇಲಿ" ಎಂದರು.

ಅಂಗಳದಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ಮಾವ ಮೈಕಿನ ಮುಂದೆ ನಿಂತರು. ಜನ ಇದ್ದಾರೆ ಎಂದು ಮಾದಪ್ಪನ ಪಟವನ್ನೂ ವಿಭೂತಿ ತಟ್ಟೆಯನ್ನೂ ಅಂಗಳಕ್ಕೇ ತಂದಿಟ್ಟುಕೊಂಡಿದ್ದರು. ಒಂದು ವರ್ಷ ಹೇಗೆ ಗೆದ್ದೆ ಎಂದು ಹೇಳಿದರು. ಅವರು ಗೆದ್ದರಂತೆ. ಆಮೇಲೆ ವಿಭೂತಿ ಹಿಡಿದರು.

"ಒಂದು ವರ್ಷದ ಅರಕೆ ಇವತ್ತು ತೀರ್ತು. ಇಷ್ಟಕ್ಕೇ ಬುಡೋನಲ್ಲ ನಾನು. ನನ್ ಜೀವ ಇರೋಗಂಟ ಇದೇ ಅರಕೆ ಮುಂದಕ್ಕೂ ನಡೀತದೆ, ಮಾದಪ್ಪ."

ಚಪ್ಪಾಳೆ ಬಿತ್ತು. ಬಹಳ ಹೊತ್ತು ಬಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅಂಥ ಮುಖವನ್ನು ನಾನು ಹಿಂದೆ ಕಂಡಿರಲಿಲ್ಲ. ಅಳಲಿಲ್ಲ, ಬೈಯಲಿಲ್ಲ. ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟರು. ಕೈತೊಳೆದರು. ಸೆರಗು ಸರಿಮಾಡಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಉಸಿರು ತೆಗೆದುಕೊಂಡು, ಅಂಗಳಕ್ಕೆ ಇಳಿದರು. ಆರತಿಗೆ ಬಂದರೇನೋ ಎಂದು ಜನ ದಾರಿ ಬಿಟ್ಟರು. ತಟ್ಟೆಯಿಂದ ವಿಭೂತಿ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಮಾದಪ್ಪ, ನಂದೂ ಒಂದರಕೆ. ನನ್ ಜೀವ ಇರೋಗಂಟ ನಾನು ಸೌದೆ ಒಲೆ ಮುಂದಕ್ಕೆ ಓಗಲ್ಲ. ನನ್ ಸೊಸೆನೂ ಓಗಲ್ಲ. ಈ ಮನೆ ಎಣ್ಮಕ್ಳು ಯಾರೂ ಓಗಲ್ಲ. ಕೂಲಿ ಕೊಟ್ಟು ಬ್ಯಾರೆ ಎಣ್ಮಕ್ಳನ್ನೂ ಕೂರ್ಸಲ್ಲ."

ಮೈಕು ಅಲ್ಲೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು. ಮಾವ ಬಾಯಿ ತೆರೆದರು, ಮುಚ್ಚಿದರು. ವಿಭೂತಿ ಅತ್ತೆಯ ಕೈಯಲ್ಲಿತ್ತು. ಬೇಡ ಎನ್ನುವಂತಿಲ್ಲ.

ಇನ್ನು ಆ ಜನದ ಕತೆ ಕೇಳಿ. ಅವರು ಮತ್ತೆ ಚಪ್ಪಾಳೆ ಹೊಡೆದರು. ಕಾರ್ಯಕ್ರಮ ನಡೆಸುತ್ತಿದ್ದ ಶಿವಕುಮಾರಸ್ವಾಮಿ ಎಂಬುವರು ಮೈಕು ಹಿಡಿದು, ಯಜಮಾನರು ತೈಲವನ್ನು ತ್ಯಜಿಸಿದರೆ ಅಮ್ಮನವರು ಅಗ್ನಿಯನ್ನೇ ತ್ಯಜಿಸಿದ್ದಾರೆ ಎಂದರು. ಒಬ್ಬಾಕೆ ಕಣ್ಣೊರೆಸಿಕೊಂಡರು. ಒಳಗೆ ಮುದ್ದೆ ತಳ ಹಿಡಿದ ವಾಸನೆ ಬರುತ್ತಿತ್ತು. ಯಾರೂ ಎದ್ದು ಹೋಗಿ ನೋಡಲಿಲ್ಲ, ನಾನೂ ಹೋಗಲಿಲ್ಲ. ಕೊನೆಗೆ ಬಂದವರಿಗೆ ಬಾಳೆಹಣ್ಣು, ಬೆಲ್ಲ ಕೊಟ್ಟು ಕಳಿಸಿದೆವು. ಅಂದು ಮಧ್ಯಾಹ್ನ ಯಳಂದೂರಿನ ಹೋಟೆಲುಗಳಲ್ಲಿ ಕೂರಲು ಜಾಗ ಇರಲಿಲ್ಲವಂತೆ, ಬಸವೇಶ ಹೇಳಿದರು. ಸಿಲಿಂಡರು ತಂದ ಹುಡುಗನನ್ನು ಮಾವ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದರು.

ಸಂಜೆ ಹಸಿವಾಯಿತು. ಮಾವ ಮೊದಲು ನನ್ನನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು. ಬಸವೇಶ ಅಂಗಡಿಯಲ್ಲಿ ಸ್ಟಾಕ್ ನೋಡಬೇಕು ಎಂದು ಹೊರಟೇಹೋದರು. ಮಾವ ತಾವೇ ಅಡುಗೆಮನೆಗೆ ಹೋದರು.

ಮೂರು ದಿನ ಹೋದರು. ಮೊದಲ ದಿನ ಒಲೆ ಹತ್ತಿಸಲು ಬೆಂಕಿಪೊಟ್ಟಣ ಖಾ‌ಲಿಯಾಯಿತು, ಅನ್ನ ಸೀದಿತು. ಎರಡನೆಯ ದಿನ ಹಸಿ ಸೌದೆ ಇಟ್ಟು ಮನೆಯೆಲ್ಲ ಹೊಗೆ. ಚಿಕ್ಕನಿಂಗಮ್ಮ ಹಿತ್ತಿಲ ಬೇಲಿಯಾಚೆ ನಿಂತು ನೋಡಿದಳು. ಸ್ವಲ್ಪ ಹೊತ್ತಿಗೆ ತನ್ನ ಮನೆಯ ಗ್ಯಾಸಿನಲ್ಲಿ ಸುಟ್ಟ ರಾಗಿ ರೊಟ್ಟಿ ತಂದು, ಕೊಡಬಹುದೋ ಬಾರದೋ ಎಂದು ಕೈಯಲ್ಲೇ ಹಿಡಿದುಕೊಂಡು ನಿಂತಳು. ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. "ತಕಬಾ" ಎಂದರು. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ನಾವು ಮೂವರೂ ತಿಂದೆವು.

ಮೂರನೆಯ ದಿನ ಮಾವ ಅಡುಗೆಮನೆಯಿಂದ ಹೊರಗೆ ಬಂದಾಗ ಕಣ್ಣು ಕೆಂಡದ ಹಾಗಿತ್ತು. ಕಂಬ ಹಿಡಿದುಕೊಂಡು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅತ್ತೆಯ ಹತ್ತಿರ ಬಂದು ನಿಂತರು.

"ಇಷ್ಟು ಒಗೆನಾ?"

"ಇಷ್ಟೆಯಾ."

"ನೀ ಏಳ್ನೇ ಇಲ್ವಲ್ಲ."

"ವರ್ಷೆಲ್ಲಾ ಕೆಮ್ಮಿ ಕೆಮ್ಮಿ ಏಳ್ದೆ" ಎಂದರು ಅತ್ತೆ. "ನೀವು ಪೋಟೊದೋರ್ ಜೊತೆ ಇದ್ರಿ."

ಮಾವ ಮಾರನೆಯ ದಿನ ಬೆಳಿಗ್ಗೆ ಜಗುಲಿಯಲ್ಲಿ ಕೂತು ನಮ್ಮನ್ನೆಲ್ಲ ಕರೆದರು. ಯೋಚಿಸಿ ನೋಡಿದೆ, ಹರಕೆ ನನ್ನೊಬ್ಬನದು, ಮನೆಯದಲ್ಲ ಎಂದರು. ನಾನು ಪೆಟ್ರೋಲು ಮುಟ್ಟುವುದಿಲ್ಲ, ಕಾರು ಹತ್ತುವುದಿಲ್ಲ, ಅಡುಗೆಮನೆ ಹೆಂಗಸರಿಗೆ ಬಿಟ್ಟದ್ದು ಎಂದರು. ಒಂದು ವರ್ಷ ಇಡೀ ಮನೆಯದಾಗಿದ್ದ ಹರಕೆ ಮೂರು ದಿನದ ಹೊಗೆಗೆ ಒಬ್ಬರದಾಯಿತು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ಸಿಲಿಂಡರು ಮಾತ್ರ ಬಂತು. ಅತ್ತೆ ಮಂಚದ ಕೆಳಗಿನಿಂದ ಒಲೆ ಎಳೆದು ತಾವೇ ಹಚ್ಚಿದರು. ಈ ಸಲ ಸೂರು ನೋಡುತ್ತಾ ಕೂರಲಿಲ್ಲ. ಹಾಲಿಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ನಿಂತು ಅಡುಗೆ ಮಾಡುವಷ್ಟು ಉಸಿರು ಉಳಿದಿರಲಿಲ್ಲ.

ಹೋದ ತಿಂಗಳು ಮತ್ತೆ ಕೊಳ್ಳೇಗಾಲಕ್ಕೆ ಹೋದೆವು. ಮಾವ ತಾವಾಗಿಯೇ ಹೊರಟರು. ನಾವು ಆಟೋ ಹತ್ತಿದೆವು, ಅವರು ಹಿಂದೆ ಸೈಕಲ್ಲಿನಲ್ಲಿ ಬಂದರು. ನಾವು ತಲುಪಿ ಬಹಳ ಹೊತ್ತಿನ ಮೇಲೆ ಬೆವರಿಳಿಸಿಕೊಂಡು ಬಂದು ಡಾಕ್ಟರ ಕೋಣೆಯ ಮೂಲೆಯ ಸ್ಟೂಲಿನಲ್ಲಿ ಕೂತರು. ಈ ಸಲ ಬೇರೆ ಡಾಕ್ಟರಿದ್ದರು. ಅವರು ಅತ್ತೆಯ ಬೆರಳಿಗೆ ಕ್ಲಿಪ್ಪು ಹಾಕಿ ಅಂಕಿ ನೋಡಿದರು, ಇನ್ನೊಂದು ಸಲ ನೋಡಿದರು.

"ಒಟ್ಟು ಎಷ್ಟು ವರ್ಷ ಈ ಹೊಗೆ ಕುಡಿದ್ರಿ ಅಮ್ಮಾ?"

ಅತ್ತೆ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದರು. "ಇಪ್ಪತ್ತೆಲ್ಡು ವರ್ಷ ಗ್ಯಾಸ್ ಇರ್ನಿಲ್ಲ ಸಾ, ಕುಡುದೆ. ಆಮೇಲೆ ಒಂದೊರ್ಷ ಗ್ಯಾಸ್ ಇತ್ತು, ಆಗ್ಲೂ ಕುಡುದೆ."

"ಗ್ಯಾಸಿದ್ದೂ ಯಾಕೆ?"

ಅತ್ತೆ ಮೂಲೆಯ ಕಡೆ ತಿರುಗಿದರು. ಮಾವ ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

"ಭೂಮ್ತಾಯ್ನ ಉಳಿಸ್ತಾ ಇದ್ವಿ ಸಾ" ಎಂದರು ಅತ್ತೆ.

ಡಾಕ್ಟರು ನಗಲಿಲ್ಲ. ಮನೆಯಲ್ಲಿಟ್ಟುಕೊಳ್ಳುವ ಆಮ್ಲಜನಕದ ಯಂತ್ರಕ್ಕೆ ಚೀಟಿ ಬರೆದು, ದಿನಕ್ಕೆ ಹದಿನಾರು ಗಂಟೆ ಎಂದು ಹೇಳಿ, ಮಾವನ ಕೈಗೆ ಕೊಟ್ಟರು.